ಇಪ್ಪತ್ತೆರಡು ಮೆಟ್ಟಿಲುಗಳ ವಾಗ್ವಿಕಾಸ

ಹಿಮಾಯತ್‌ನಗರದ ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ವಾಗ್ವಿಕಾಸ ಕೇಂದ್ರದ ದಾಖಲೆಗಳ ಪ್ರಕಾರ, ಎರಡು ಸಾವಿರದ ಮೂರನೆಯ ಇಸವಿಯ ಜೂನ್ ತಿಂಗಳಲ್ಲಿ ಗಾನವಿ ಎಂಬ ಆರು ವರ್ಷದ ಬಾಲಕಿಗೆ ಒಂದು ಪದವೂ ಬರುತ್ತಿರಲಿಲ್ಲ. ದಾಖಲೆ ಸುಳ್ಳು ಹೇಳುವುದಿಲ್ಲ. ಅದೇ ತಿಂಗಳು ಅದೇ ಬಾಲಕಿ ಮನೆಯಲ್ಲಿ ಆಯಿ, ಬಾ, ಬ್ಯಾಡ, ನೀರು, ರೊಟ್ಟಿ ಮೊದಲಾದ ಹನ್ನೊಂದು ಪದಗಳನ್ನು ಆಡುತ್ತಿದ್ದಳೆಂಬುದೂ ನಿಜವೇ. ಆದರೆ ಅವು ಕನ್ನಡದವಾಗಿದ್ದವು. ಕೇಂದ್ರದ ಫಾರಂನಲ್ಲಿದ್ದದ್ದು ಎರಡೇ ಕಾಲಂ, ಒಂದು ‘ಪದ’, ಇನ್ನೊಂದು ‘ಸದ್ದು’. ಪದವೆಂದರೆ ಇಂಗ್ಲಿಷಿನದು. ಹೀಗಾಗಿ ಹನ್ನೊಂದನ್ನೂ ಸದ್ದಿನ ಕೆಳಗೆ ಬರೆದುಕೊಳ್ಳಲಾಯಿತು.

ಈ ಹನ್ನೊಂದು ಸದ್ದುಗಳನ್ನು ಗಾನವಿಯ ಅಜ್ಜಿ ಸೂಗಮ್ಮ ಮೂರು ವರ್ಷ ಕೂತು ಒಂದೊಂದಾಗಿ ಹೊರಡಿಸಿದ್ದಳು. ಮಗುವಿಗೆ ಹೇಳಿದ್ದೆಲ್ಲ ತಿಳಿಯುತ್ತಿತ್ತು. ಚಪ್ಪಲಿ ತಾ ಎಂದರೆ ತರುತ್ತಿದ್ದಳು, ಯಾರ ಮೇಲಾದರೂ ಸಿಟ್ಟು ಬಂದರೆ ಅವರದೇ ಚಪ್ಪಲಿ ನೋಡಿ ಅಡಗಿಸುತ್ತಿದ್ದಳು. ಒಳಗಿದ್ದದ್ದು ಹೊರಗೆ ಬರುವ ದಾರಿ ಮಾತ್ರ ಕಿರಿದಾಗಿತ್ತು. ಸೂಗಮ್ಮ ರೊಟ್ಟಿ ಬಡಿಯುತ್ತ ಒಂದೇ ಮಾತನ್ನು ನೂರು ಸಲ ಹೇಳುತ್ತಿದ್ದಳು. ಹೇಳಿ, ಮಗುವಿನ ಬಾಯಿ ನೋಡುತ್ತ ಕಾಯುತ್ತಿದ್ದಳು. ಹಂಚಿನ ಮೇಲೆ ರೊಟ್ಟಿ ಹೊತ್ತಿದರೂ ಕಾಯುತ್ತಿದ್ದಳು. ಲಿಂಗಸೂಗೂರು ಬಿಟ್ಟು ತೆಲುಗು ನಾಡಿನ ಈ ಶಹರಕ್ಕೆ, ಮಗನ ಮನೆಗೆ ಬಂದ ಮೇಲೆ ಆಕೆಗಿದ್ದ ಕೆಲಸವೆಂದರೆ ಇದೊಂದೇ.

ಆದರೆ ಮುಂದಿನ ಏಪ್ರಿಲ್‌ನೊಳಗೆ ಕೇಂದ್ರದ ‘ವಾಕ್‌ಪ್ರಗತಿ ಪ್ರಮಾಣಪತ್ರ’ ತಂದರೆ ಮಾತ್ರ ಒಂದನೆಯ ತರಗತಿಯ ಸೀಟು ಎಂದು ಹತ್ತಿರದ ಇಂಗ್ಲಿಷ್ ಶಾಲೆಯವರು ಹೇಳಿಬಿಟ್ಟರು. ಮಗ ವಿಜಯಕುಮಾರ, ಸೊಸೆ ಕಾವ್ಯಾ ಕೂಡಲೇ ಕೇಂದ್ರದಲ್ಲಿ ಮಗಳ ಹೆಸರು ಹಚ್ಚಿದರು. ಮೊದಲ ದಿನವೇ ಮನೆಗೆ ಸುತ್ತೋಲೆ ಬಂತು.

“ಸುತ್ತೋಲೆ ಸಂಖ್ಯೆ ಏಳು. ಮಗುವಿನ ಕಿವಿಗೆ ಒಂದೇ ಭಾಷೆ ಬೀಳತಕ್ಕದ್ದು. ಸದರಿ ಭಾಷೆಯು ಇಂಗ್ಲಿಷ್ ಆಗಿರತಕ್ಕದ್ದು. ಸದರಿ ಭಾಷೆ ಬಾರದ ಹಿರಿಯರು ಮನೆಯಲ್ಲಿಯೂ ಕೇಂದ್ರದ ಆವರಣದಲ್ಲಿಯೂ ಮೌನ ಸಹಕಾರ ನೀಡತಕ್ಕದ್ದು. ಸನ್ನೆ ಮಾಡುವುದು ಅನಿವಾರ್ಯವಾದಲ್ಲಿ ಸನ್ನೆಯನ್ನೂ ಇಂಗ್ಲಿಷಿನಲ್ಲಿಯೇ ಮಾಡತಕ್ಕದ್ದು.”

ಒಪ್ಪಿಗೆಪತ್ರದ ಮೇಲೆ ಸೂಗಮ್ಮ ದುಂಡಗೆ ಸಹಿ ಮಾಡಿದಳು. ಆಕೆ ಏಳನೆಯ ಇಯತ್ತೆ ಪಾಸಾದವಳು. ಆದರೆ ಸಹಿ ಕನ್ನಡದಲ್ಲಿತ್ತು, ಕನ್ನಡದ ಸಹಿಯೂ ಮಗುವಿನ ಕಣ್ಣಿಗೆ ಬೀಳುವ ಸಂಭವವಿತ್ತು. ಆದಕಾರಣ ಬೇರೆ ಪ್ರತಿ ತರಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳಲಾಯಿತು.

ಸೂಗಮ್ಮ ಮೌನ ಸಹಕಾರ ಆರಂಭಿಸಿದಳು. ಇಂಗ್ಲಿಷ್ ಮಾತಾಡುವ ಹೊಣೆ ಮಗ ಸೊಸೆಯ ಮೇಲೆ ಬಿತ್ತು. ಕಾವ್ಯಾ ಮಾಧಾಪುರದಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸ ಮಾಡುತ್ತಿದ್ದಳು, ಆಕೆಯ ಇಂಗ್ಲಿಷೆಲ್ಲ ಆಫೀಸಿನ ಈಮೇಲಿನದು. ನೀರಿನ ಲೋಟ ಹಿಡಿದು, “ಗಾನವಿ, ಕೈಂಡ್ಲಿ ಕನ್ಫರ್ಮ್,” ಎನ್ನುತ್ತಿದ್ದಳು. ವಿಜಯಕುಮಾರ ಬಾಲಾನಗರದ ಕಾರ್ಖಾನೆಯೊಂದರಲ್ಲಿ ಬಿಡಿಭಾಗ ತಪಾಸಣೆ ಮಾಡುವವನು. ಅವನಿಗೆ ಓಕೆ, ನಾಟ್ ಓಕೆ, ರಿಜೆಕ್ಟ್ ಎಂಬ ಮೂರು ಮಾತು ಸರಾಗವಾಗಿ ಬರುತ್ತಿದ್ದವು. ಸಂಜೆ ಅವನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಹಳ ಹೊತ್ತು ಯೋಚಿಸಿ, ಓಕೆ ಎಂದು ಕೆಳಗಿಳಿಸುತ್ತಿದ್ದ.

ಆಗಸ್ಟ್ ಹೊತ್ತಿಗೆ ಗಾನವಿಯ ಹನ್ನೊಂದು ಮಾತು ನಾಲ್ಕಕ್ಕೆ ಇಳಿದವು. ಕೇಂದ್ರ ತನ್ನ ವರದಿಯಲ್ಲಿ, ಬಾಲಕಿಯ ಸದ್ದು ಶೇಕಡಾ ಅರವತ್ತಮೂರರಷ್ಟು ತಗ್ಗಿದೆ, ಪೋಷಕರ ಸಹಕಾರ ಅನುಕರಣೀಯ ಎಂದು ಬರೆಯಿತು. ಕಾವ್ಯಾ ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿದಳು.

ಈ ಅನುಕರಣೀಯ ಸಹಕಾರದಿಂದ ಸೂಗಮ್ಮನಿಗೆ ಅನ್ನ ಸೇರದಾಯಿತು. ಸೀಟು ಬೇಕು, ಅದು ಆಕೆಗೂ ತಿಳಿದಿತ್ತು. ಆದರೆ ಮೂರು ವರ್ಷದಲ್ಲಿ ಬಂದದ್ದು ಮೂರು ತಿಂಗಳಲ್ಲಿ ಹೋಗುತ್ತಿತ್ತು.

ಕೇಂದ್ರಕ್ಕೆ ಹೋಗಲು ರಸ್ತೆಯಿಂದ ಇಪ್ಪತ್ತೆರಡು ಮೆಟ್ಟಿಲು ಹತ್ತಬೇಕಿತ್ತು. ಗಾನವಿಯನ್ನು ದಿನಾ ಕರೆತರುತ್ತಿದ್ದವಳು ಸೂಗಮ್ಮ. ಒಂದು ದಿನ ಆಕೆ ಹತ್ತುವಾಗ ಕೇಂದ್ರದ ನಿರ್ದೇಶಕಿ ಸುಹಾಸಿನಿ ಮೇಡಂ ಮೆಟ್ಟಿಲ ಮೇಲೆ ನಿಂತು, ಉಡುಪಿಯಲ್ಲಿದ್ದ ತಾಯಿಯೊಡನೆ ಮೊಬೈಲಿನಲ್ಲಿ ಅಚ್ಚ ಕನ್ನಡದಲ್ಲಿ ಹಪ್ಪಳದ ವಿಚಾರ ಮಾತಾಡುತ್ತಿದ್ದರು. ಒಳಗೆ ಅವರು ಒಂದು ಕನ್ನಡ ಅಕ್ಷರವನ್ನೂ ಆಡಿದವರಲ್ಲ. ಸೂಗಮ್ಮ ಫೋನು ಮುಗಿಯುವವರೆಗೆ ಕಾದಳು.

“ಮೇಡಮ್ಮಾರ, ಈ ಮೆಟ್ಲ ನಿಮ್ಮ ಆಫೀಸಿಗೆ ಸೇರ್ಯಾವೇನ್ರಿ?”

“ಮೆಟ್ಟಿಲಾ? ಇಲ್ಲಮ್ಮ, ಅದು ಓನರ್‌ದು. ನಮ್ಮದು ಬಾಗಿಲಿಂದ ಒಳಗೆ ಮಾತ್ರ.”

“ಹಂಗಾರ ಇಲ್ಲಿ ನಾ ಬಾಯಿ ತೆರದ್ರ ಸುತ್ತೋಲಿಗೆ ಧಕ್ಕಿ ಇಲ್ಲಲ್ಲರಿ?”

ಮೇಡಂ ನಿಯಮವನ್ನು ಮನಸ್ಸಿನಲ್ಲೇ ಆಚೀಚೆ ತಿರುಗಿಸಿ ನೋಡಿ, ತಾಂತ್ರಿಕವಾಗಿ ಇಲ್ಲ ಎಂದರು.

ಮರುದಿನದಿಂದ ಸೂಗಮ್ಮ ಒಂದು ತಾಸು ಮುಂಚೆ ಹೊರಡತೊಡಗಿದಳು. ಮೆಟ್ಟಿಲಿಗೊಂದು ಮಾತು. ಹೇಳುವುದು, ಕೂರುವುದು, ಕಾಯುವುದು, ಬಂದರೆ ಮುಂದಿನ ಮೆಟ್ಟಿಲು. ದಸರಾ ಹೊತ್ತಿಗೆ ಹಳೆಯ ಹನ್ನೊಂದೂ ತಿರುಗಿ ಬಂದವು. ಡಿಸೆಂಬರಿನ ಒಂದು ಮುಂಜಾನೆ ಹದಿನಾಲ್ಕನೆಯ ಮೆಟ್ಟಿಲ ಮೇಲೆ ಸೂಗಮ್ಮ ಮೊಣಕಾಲು ಹಿಡಿದುಕೊಂಡು ನಿಂತಾಗ ಗಾನವಿ ಆಕೆಯ ಸೆರಗು ಎಳೆದು, “ಆಯಿ, ಕಾಲ್ ಬ್ಯಾನಿ? ಕುಂದ್ರು,” ಎಂದಳು.

ಸೂಗಮ್ಮ ಕುಂತಳು. ಅವತ್ತು ತರಬೇತಿಗೆ ನಲವತ್ತು ನಿಮಿಷ ತಡವಾಯಿತೆಂದು ನೋಟೀಸು ಬಂತು.

ಮೆಟ್ಟಿಲ ಸುದ್ದಿ ಹಬ್ಬಿತು. ತೆಲುಗಿನ ಅಮ್ಮಮ್ಮ, ಉರ್ದುವಿನ ನಾನಿ, ಮರಾಠಿಯ ಆಜಿ ಎಲ್ಲರೂ ಬೆಳಿಗ್ಗೆಯೇ ಬಂದು ಮೆಟ್ಟಿಲು ಹಿಡಿದು ಕೂರತೊಡಗಿದರು. ಬಾಗಿಲ ಹೊರಗೆ ಮಕ್ಕಳು ಕಿಲಕಿಲ ಅನ್ನುತ್ತಿದ್ದವು, ಬಾಗಿಲು ದಾಟಿದ ಕೂಡಲೇ ಬಾಯಿ ಮುಚ್ಚುತ್ತಿದ್ದವು. ಕೇಂದ್ರ ಇದನ್ನು ಗಂಭೀರವಾಗಿ ಪರಿಗಣಿಸಿ ಸಮಿತಿ ನೇಮಿಸಿತು. ಮಕ್ಕಳಿಗೆ ‘ಹೊಸ್ತಿಲ ದೋಷ’ವೆಂಬ ಹೊಸ ಸಮಸ್ಯೆ ಇದೆಯೆಂದೂ, ಮೆಟ್ಟಿಲುಗಳಲ್ಲಿ ಮಾತ್ರ ಯಾವುದೋ ಗುಣವಿದೆಯೆಂದೂ ಸಮಿತಿ ಕಂಡುಕೊಂಡಿತು. ಕಲ್ಲಿನ ಎತ್ತರ, ಗಾಳಿ, ಬೆಳಕು ಎಲ್ಲವನ್ನೂ ಅಳೆದರು. ಅಜ್ಜಿಯರನ್ನು ಅಳೆಯುವ ಉಪಕರಣ ಸಮಿತಿಯ ಬಳಿ ಇರಲಿಲ್ಲ.

ಮೆಟ್ಟಿಲುಗಳನ್ನೇ ಬಾಡಿಗೆಗೆ ಹಿಡಿಯುವುದೆಂದು ತೀರ್ಮಾನವಾಯಿತು. ಕಟ್ಟಡದ ಮಾಲೀಕ ಅಮರೇಶಪ್ಪ ಬೇಗಂ ಬಜಾರಿನ ಸಗಟು ವ್ಯಾಪಾರಿ. ಬರೇ ಮೆಟ್ಟಿಲು ಕೇಳಿದ ಬಾಡಿಗೆದಾರರನ್ನು ಅವನು ಕಂಡಿರಲಿಲ್ಲ. ಬೇಕಾದರೆ ಕೆಳಗಿನ ಗಟಾರವನ್ನೂ ಕೊಡುತ್ತೇನೆಂದ.

ಫೆಬ್ರವರಿ ಒಂದರಂದು ರಿಬ್ಬನ್ ಕತ್ತರಿಸಿ ಮೆಟ್ಟಿಲುಗಳನ್ನು ಕೇಂದ್ರದ ಆವರಣಕ್ಕೆ ಸೇರಿಸಿಕೊಳ್ಳಲಾಯಿತು. ಆವರಣಕ್ಕೆ ಸೇರಿದ್ದರಿಂದ ಸುತ್ತೋಲೆ ಸಂಖ್ಯೆ ಏಳು ಅಲ್ಲಿಗೂ ಅನ್ವಯವಾಯಿತು. ಮನೋಜ ಎಂಬ ಟೈ ಕಟ್ಟಿದ ತರುಣನನ್ನು ಮೆಟ್ಟಿಲು ಸಂಯೋಜಕನನ್ನಾಗಿ ಕೂರಿಸಿದರು. ಮೊದಲ ಮೆಟ್ಟಿಲಲ್ಲೇ ಗಾನವಿ “ಆಯಿ” ಎಂದಳು. ಮನೋಜ ವಿನಯದಿಂದ ತುಟಿಯ ಮೇಲೆ ಬೆರಳಿಟ್ಟ. ಪ್ರಮಾಣಪತ್ರಕ್ಕೆ ಎರಡೇ ತಿಂಗಳಿತ್ತು. ಸೂಗಮ್ಮ ಸುಮ್ಮನಾದಳು. ಮೂರು ವರ್ಷ ಮಗುವಿನ ಬಾಯಿ ನೋಡುತ್ತ ಕಾದವಳು ಆಕೆ, ಅವತ್ತು ಮಗು ಆಕೆಯ ಬಾಯಿ ನೋಡುತ್ತ ಕಾಯಿತು. ಇಪ್ಪತ್ತೆರಡು ಮೆಟ್ಟಿಲು ಮುಗಿಯುವವರೆಗೂ ಕಾಯುತ್ತಲೇ ಇತ್ತು.

ಏಪ್ರಿಲ್‌ನಲ್ಲಿ ಪರೀಕ್ಷೆ. ಮಾಧಾಪುರದ ಕಂಪನಿಯೊಂದು ಸಮಾಜಸೇವೆಯೆಂದು ‘ಪದಮಾಪಕ’ ಯಂತ್ರವನ್ನು ದಾನ ಮಾಡಿತ್ತು. ಅಮೆರಿಕದ ಉಚ್ಚಾರಕ್ಕೆ ಒಗ್ಗಿದ ಯಂತ್ರ. ಪ್ರಯೋಗದ ದಿನ ಅದು ಮೂಲೆಯ ಫ್ಯಾನಿನ ಕಿರ್ ಶಬ್ದವನ್ನು ಮೂರು ಪದಗಳೆಂದು ಗುರುತಿಸಿ, ಸದರಿ ಫ್ಯಾನಿಗೆ ಹೆಚ್ಚಿನ ತರಬೇತಿ ಅಗತ್ಯವಿಲ್ಲ ಎಂದು ವರದಿ ಕೊಟ್ಟಿತ್ತು. ಪರೀಕ್ಷೆಗೆ ಫ್ಯಾನು ನಿಲ್ಲಿಸಿ ಗಾನವಿಯನ್ನು ಅದರ ಮುಂದೆ ಕೂರಿಸಿದರು. ಅರ್ಧ ತಾಸಿನ ಬಳಿಕ ಯಂತ್ರ ಹೇಳಿತು: ಪದ ಸೊನ್ನೆ, ಸದ್ದು ಸೊನ್ನೆ.

ಕಾವ್ಯಾ ಕರ್ಚೀಫು ಬಾಯಿಗಿಟ್ಟುಕೊಂಡಳು. ಸುಹಾಸಿನಿ ಮೇಡಂ ಪ್ರಮಾಣಪತ್ರ ಬರೆಯಲು ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಮೇಡಂ ಫೋನು ಹಿಡಿದು ಫುಟ್‌ಪಾತಿಗೆ ಇಳಿದರು. ಮೆಟ್ಟಿಲು ಆವರಣಕ್ಕೆ ಸೇರಿದ ಮೇಲೆ ತಾಯಿಯೊಡನೆ ಮಾತಾಡಲು ಅವರಿಗೂ ಬೇರೆ ಜಾಗವಿರಲಿಲ್ಲ. ಸೂಗಮ್ಮ ಹಿಂದೆಯೇ ಇಳಿದು, ಕೊನೆಯ ಮೆಟ್ಟಿಲು ಬಿಟ್ಟ ಮೇಲೆ ಬಾಯಿ ತೆರೆದಳು.

“ಈ ಕೂಸು ಮಾತಾಡ್ತಿತ್ತರಿ. ಕಾಲ್ ಬ್ಯಾನಿ ಅಂತ ಕೇಳಿತ್ತು. ನೀವೂ ಕಿವೀಲೆ ಕೇಳೀರಿ.”

“ಕೇಳಿದ್ದೇನಮ್ಮ. ಎಷ್ಟೋ ಸಲ ಕೇಳಿದ್ದೇನೆ.”

“ಮತ್ತ ಅದನ್ನ ಬರೀರಲ್ಲ.”

“ಕೇಳಿದ್ದು ಮೆಟ್ಟಿಲಲ್ಲಿ, ಅದೂ ಮೆಟ್ಟಿಲು ನಮ್ಮದಾಗುವ ಮೊದಲು. ಅದನ್ನು ಯಾವ ಕಾಲಂಗೆ ಬರೆಯಲಿ, ನೀವೇ ಹೇಳಿ.” ಮೇಡಂ ಸುತ್ತ ನೋಡಿ ದನಿ ತಗ್ಗಿಸಿದರು. “ಬೇಜಾರು ಮಾಡ್ಕೋಬೇಡಿ. ಸೀಟಿಗೆ ತೊಂದರೆ ಆಗದ ಹಾಗೆ ಬರೆದಿದ್ದೇನೆ.”

ಅವರು ಮಾತಿಗೆ ತಪ್ಪಲಿಲ್ಲ. ಪ್ರಮಾಣಪತ್ರದಲ್ಲಿ ಹೀಗಿತ್ತು: “ಕೇಂದ್ರಕ್ಕೆ ಬಂದಾಗ ಬಾಲಕಿಯಲ್ಲಿ ಹನ್ನೊಂದು ಅನ್ಯಭಾಷಾ ಸದ್ದುಗಳಿದ್ದವು. ಹತ್ತು ತಿಂಗಳ ತರಬೇತಿಯ ನಂತರ ಅವು ಸಂಪೂರ್ಣ ನಿವಾರಣೆಯಾಗಿವೆ. ಬಾಲಕಿಯು ಈಗ ಇಂಗ್ಲಿಷಿನಲ್ಲಿ ಮೌನವಾಗಿದ್ದಾಳೆ. ಇದನ್ನು ಅಸಾಧಾರಣ ಪ್ರಗತಿಯೆಂದು ದೃಢೀಕರಿಸಲಾಗಿದೆ.”

ಶಾಲೆಯ ಮುಖ್ಯಸ್ಥರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು. ತಮ್ಮ ಶಾಲೆಯ ಮಕ್ಕಳಿಗೆ ಇಂಗ್ಲಿಷಿನಲ್ಲಿ ಮೌನವಾಗಿರುವುದನ್ನು ಕಲಿಸಲು ನಾಲ್ಕನೆಯ ತರಗತಿಯಾದರೂ ಬೇಕಾಗುತ್ತದೆ, ಈ ಹುಡುಗಿ ಆಗಲೇ ಮುಂದಿದ್ದಾಳೆ ಎಂದರು. ಸೀಟು ಕೂತಲ್ಲೇ ಆಯಿತು. ಮೊದಲ ಬೆಂಚಿನಲ್ಲೇ ಕೂರಿಸುವುದಾಗಿಯೂ ಹೇಳಿದರು.

ಸಂಜೆ ಕಾವ್ಯಾ ಪೇಢೆ ಹಂಚಿದಳು. ಪಕ್ಕದ ಮನೆಯ, ಬೀದರ ಕಡೆಯ ಶಾರದಾಬಾಯಿ ಒಂದು ಪೇಢೆ ಬಾಯಿಗೆ ಹಾಕಿಕೊಂಡು ಪ್ರಮಾಣಪತ್ರವನ್ನು ಬೆಳಕಿಗೆ ಹಿಡಿದು ನೋಡಿದಳು. ಆಕೆಯ ಮೊಮ್ಮಗ ಗಗನ ಅದೇ ವಯಸ್ಸಿನವನು, ಹೊರಗೆ ಜಗಲಿಯ ಮೇಲೆ ನಿಂತು ಬೀದಿಯಲ್ಲಿ ಹೋಗುವವರನ್ನೆಲ್ಲ ಹೆಸರು ಹಿಡಿದು ಕೂಗುತ್ತಿದ್ದ.

“ನಿಮ್ಮ ನಸೀಬ ಭಾಳ ಛಲೋ ನೋಡ್ರಿ,” ಎಂದು ಶಾರದಾಬಾಯಿ ನಿಟ್ಟುಸಿರುಬಿಟ್ಟಳು. “ನಮ್ಮಂವ ಕನ್ನಡ, ಮರಾಠಿ, ತೆಲುಗು ಮೂರರಾಗೂ ಬಡಬಡಾ ಅಂತಾನ. ಇವನ ಗತಿ ಮುಂದ ಹೆಂಗೋ ಏನೋ. ಆ ಕೇಂದ್ರದ ಅಡ್ರೆಸ್ಸು ಒಂದೀಟು ಬರಕೊಡ್ರಿ.”

ವಿಜಯಕುಮಾರ ಸಂತೋಷದಿಂದ ಬರೆದುಕೊಟ್ಟ. ಶಾರದಾಬಾಯಿ ಚೀಟಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಇದರಿಂದ ಖಾತ್ರಿ ಗುಣ ಸಿಗತೈತೇನ್ರಿ ಎಂದು ಸೂಗಮ್ಮನನ್ನು ಕೇಳಿದಳು. ಸುತ್ತೋಲೆ ಸಂಖ್ಯೆ ಏಳು ಇನ್ನೂ ಜಾರಿಯಲ್ಲಿತ್ತು. ಸೂಗಮ್ಮ ಮನೆಯೊಳಗೆ ಇದ್ದ ಕಾರಣ ಏನೂ ಹೇಳಲಿಲ್ಲ.