ಗದ್ದಲ ತೆಗೆದ ಹಾಡು

ಮದುವೆಯಾಗಿ ಮೂವತ್ತು ವರ್ಷಕ್ಕೆ ಕಲಾವತಿ ಗಂಡನ ಹತ್ತಿರ ಒಂದೇ ಒಂದು ಬೇಡಿಕೆ ಇಟ್ಟಿದ್ದಳು, ಅದೂ ಬಸ್ಸಿನ ಕಿಟಕಿಯಿಂದ: “ಮದುವೆ ದಿನಕ್ಕಾದ್ರೂ ನನಗಂತ ಒಂದು ಹಾಡು ಹಾಡ್ರಿ.” ಕಾಲು ಮುರಿದುಕೊಂಡ ತಂಗಿ ವೈಜಯಂತಿಯ ಆರೈಕೆಗೆಂದು ಅವಳು ಅಂಕೋಲೆಗೆ ಹೋಗಿ ಎಂಟು ದಿನವಾಗಿತ್ತು. ಮದುವೆಯಾಗಿ ಮೂವತ್ತು ವರ್ಷ ತುಂಬುವ ಆ ದಿನ ಇವತ್ತೇ. ಚಿತ್ತಾಕುಲದ ಮನೆಯಲ್ಲಿ ರಾಮನಾಥ ಬೆಳಗಿನಿಂದ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಆ ಗಂಟಲೋ, ಈಳಿಗೆಮಣೆಯಲ್ಲಿ ಒಣಗಿದ ಕಾಯಿ ತುರಿದ ಹಾಗೆ.

“ಹೆದರೂದೆಂತಕೆ ರಾಮನಾಥಣ್ಣ? ಲೈವ್ ಮಾಡುವಾ, ಅಕ್ಕ ಅಂಕೋಲೆಲೇ ಕೂತು ಫೋನಲ್ಲಿ ನೋಡ್ಲಿ,” ಎನ್ನುತ್ತ ಲ್ಯಾಪ್‌ಟಾಪ್ ಹಿಡಿದು ಬಂದ ಪಕ್ಕದ ಮನೆಯ ಹರಿಶ್ಚಂದ್ರ. ಮದುವೆಮನೆಗಳಿಗೆ ಮೈಕ್‌ಸೆಟ್ ಹಾಕುವವ. “ಸ್ವರ ತಿದ್ದೂಕೆ ಒಂದು ಪ್ಲಗಿನ್, ಗುಡಿಯೊಳಗೆ ಹಾಡಿದಂಗೆ ಎಕೋ ಬರೂಕೆ ಒಂದು, ಗದ್ದಲ ತೆಗೂಕೆ ಒಂದು. ಈ ಗುಂಡಿ ಒತ್ತಿ ಹತ್ತು ಸೆಕೆಂಡ್ ಸುಮ್ಮನಿರಿ. ಅಷ್ಟರಲ್ಲಿ ಎಂತ ಕೇಳ್ತದೋ ಅದೇ ಗದ್ದಲ ಅಂತ ಕಲ್ತು, ಮತ್ತೆ ಅದನ್ನೇ ಅಳಿಸ್ತದೆ.”

ಅವನು ವೈರು ತರಲು ಹೋದ. ರಾಮನಾಥ ಗುಂಡಿ ಒತ್ತಿದ. ಮೊದಲ ಸಾಲು ಮರೆತುಹೋದೀತೆಂದು ಹೆದರಿ ಮೆಲ್ಲಗೆ ಹಾಡಿಕೊಂಡ. ಪ್ಲಗಿನ್ ಮೊದಲ ಬೆಂಚಿನ ಹುಡುಗಿಯ ಹಾಗೆ ಅಷ್ಟನ್ನೂ ಕಲಿತುಕೊಂಡಿತು.

ಸರಿಯಾಗಿ ನಾಲ್ಕಕ್ಕೆ ಲೈವ್. ರಾಮನಾಥ ಕಣ್ಣು ಮುಚ್ಚಿ, ಎದೆ ಬಿಚ್ಚಿ ಹಾಡಿದ. ಬಾಗಿಲಲ್ಲಿ ಎದುರುಮನೆಯ ರಂಜನಾ ಪಿಸುಗುಟ್ಟಿದಳು: “ಪಾಪ, ಅಕ್ಕ ಹೋದಾಗಿಂದ ದಿನಾ ಎರಡು ತಟ್ಟೆ ಹಾಕ್ತರು. ಮತ್ತೆ ಒಂದನ್ನ ಸುಮ್ಮನೆ ಒಳಗಿಡ್ತರು.”

“ನಿನಗೆ ಕಿಟಕಿ ಬಿಟ್ಟು ಬೇರೆ ಕೆಲಸ ಇಲ್ವನೇ?” ಹರಿಶ್ಚಂದ್ರ ಗದರಿದ.

“ನೀವು ನಿಮ್ಮ ವೈರು ನೋಡ್ಕಳ್ರಿ!”

ಹಾಡು ಮುಗಿಯಿತು. ರಾಮನಾಥ ಬೆವರು ಒರೆಸಿಕೊಂಡು ಕಣ್ಣು ತೆರೆದರೆ, ಪರದೆಯ ಮೇಲೆ ವೈಜಯಂತಿಯ ಒಂದೇ ಕಮೆಂಟು: “ಭಾವಾ, ಬಾಯಿ ಆಡ್ತದೆ, ಹಾಡೆಲ್ಲಿ? ರಂಜನಾ ಮಾತು ಮಾತ್ರ ಗುಡಿ ಗಂಟೆ ಹಂಗೆ ಕೇಳ್ತು.”

ಹರಿಶ್ಚಂದ್ರ ಲ್ಯಾಪ್‌ಟಾಪ್ ನೋಡಿ ತಲೆ ಕೆರೆದ. “ಅಣ್ಣಾ, ಅದು ನಿಮ್ಮ ಸ್ವರವನ್ನೇ ಗದ್ದಲ ಅಂತ ಕಲ್ತದೆ.”

ರಾಮನಾಥ ಅಂಗಿ ಸಿಕ್ಕಿಸಿಕೊಂಡ. “ನಿನ್ನ ಪ್ಲಗಿನ್ನೂ ಬೇಡ, ಎಂತದೂ ಬೇಡ. ಎದುರಿಗೇ ಹಾಡ್ತೆ.” ಕಾರವಾರಕ್ಕೆ ಹೋಗಿ ಅಂಕೋಲೆಯ ಬಸ್ ಹತ್ತಿದ. ದಾರಿಯುದ್ದಕ್ಕೂ ಗುನುಗಿದ. ಪಕ್ಕದಲ್ಲಿದ್ದವರು ಎದ್ದು ಹಿಂದಿನ ಸೀಟಿಗೆ ಹೋದರು.

ಅಂಕೋಲೆಯಲ್ಲಿ ವೈಜಯಂತಿ ಕುಂಟುತ್ತ ಬಂದು ಬಾಗಿಲು ತೆಗೆದಳು. “ಅಯ್ಯೋ ಭಾವಾ! ಎರಡು ತಟ್ಟೆ ಮಾತು ಕೇಳಿದ್ದೇ ಅಕ್ಕ ಅಳ್ತಾ ಎದ್ದು ನಿಮ್ಮ ಊರಿಗೆ ಹೊರಟ್ಲು!”

ಅಷ್ಟರಲ್ಲಿ ಕಲಾವತಿಯ ಫೋನ್ ಬಂತು. “ಎಲ್ಲಿದ್ರಿ? ಮನೇಲಿ ಯಾರೂ ಇಲ್ಲ!”

“ಅಂಕೋಲೆಲಿ. ಹಾಡೂಕೆ ಬಂದಿದ್ದೆ.”

ಕಲಾವತಿ ಮೂಗೆಳೆದಳು. “ಅಲ್ಲೇ ಇರಿ, ನಾನೇ ಬತ್ತೆ.”

“ಬೇಡ ಮಾರಾಯ್ತಿ, ನೀನೇ ಅಲ್ಲಿರು. ನಾ ಬತ್ತೆ!”

ಇಬ್ಬರೂ ಒಟ್ಟಿಗೇ ಫೋನ್ ಇಟ್ಟರು. ರಾಮನಾಥ ಬಸ್‌ಸ್ಟ್ಯಾಂಡಿಗೆ ಓಡಿ ಕಾರವಾರದ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಯೋಚಿಸಿದ. ಮೂವತ್ತು ವರ್ಷದಲ್ಲಿ ಕಲಾವತಿ ಒಂದು ದಿನವೂ ಅವನ ಮಾತು ಕೇಳಿದವಳಲ್ಲ. ಇಷ್ಟೊತ್ತಿಗೆ ಹೊರಟೇಬಿಟ್ಟಿರುತ್ತಾಳೆ.

“ಹತ್ತೂದಾ, ಇಳಿಯೂದಾ? ಒಂದು ಹೇಳಿ!” ಎಂದ ಕಂಡಕ್ಟರ್.

ರಾಮನಾಥ ನಗುತ್ತ ಕಾಲು ಕೆಳಗಿಟ್ಟ. ಬಸ್ ಹೋಯಿತು. ಧೂಳು ಅಡಗುವ ಮುಂಚೆಯೇ ಫೋನ್.

“ಏನ್ರೀ,” ಕಲಾವತಿಯ ದನಿ ಹೊಸ ಮದುಮಗಳ ಹಾಗೆ ಮೆತ್ತಗಿತ್ತು. “ನೀವು ಹೇಳಿದಂಗೇ ಇಲ್ಲೇ ಕೂತಿದ್ದೆ. ಎಲ್ಲಿ ತನಕ ಬಂದ್ರಿ?”