ಒಂದು ನಿವೇಶನದಷ್ಟು ಪೂರ್ವಕ್ಕೆ

ಶಾರ್ಶೆನನ ಹೊಸ ಮನೆಯ ಗೋಡೆ ಮೊಣಕಾಲೆತ್ತರ ಬಂದಿತ್ತಷ್ಟೆ, ಊರಿನ ಕುರಿಗಳೆಲ್ಲ ಅದನ್ನು ಹತ್ತಿಳಿದು ನಡುಮನೆಗೆ ನುಗ್ಗಿದವು. ಚಳಿಗಾಲವೆಲ್ಲ ಹಟ್ಟಿಯಲ್ಲಿದ್ದು ಅಂದೇ ಮೊದಲ ಸಲ ಬೆಟ್ಟಕ್ಕೆ ಹೊರಟಿದ್ದವು.

ಹಿಂದೆಯೇ ಬಂದ ಕುರಿಗಾಹಿ ಸಾಕಿನ್ ಕೋಲೆತ್ತಿದಳು. "ಯಾವನಪ್ಪಾ ಕುರಿದಾರೀಲಿ ಮನೆ ಕಟ್ತಿರೋನು?"

"ಇದು ನನ್ನ ನಿವೇಶನ ಸಾಕಿನಕ್ಕಾ. ಉಪಗ್ರಹ ನೋಡಿ ಗೂಟ ಹೊಡ್ದಿದೀನಿ," ಎಂದ ಶಾರ್ಶೆನ್. ಊರಿನ ಭೂಮಾಪಕ ಅವನೇ.

"ನಿನ್ನ ಉಪಗ್ರಹ ಹುಟ್ಟೋ ಮೊದ್ಲಿಂದ ನನ್ನ ಕುರಿಗಳಿಗೆ ದಾರಿ ಗೊತ್ತು ಕಣೋ!"

ಅಂದು ಅಶಾರ್. ಊರೆಲ್ಲ ಕೂಲಿಯಿಲ್ಲದೆ ಬಂದು ಮಣ್ಣು ಕಲಸುತ್ತಿತ್ತು, ಮನೆಯವನ ಕುರಿ ಕಡಾಯಿಯಲ್ಲಿ ಬೇಯುತ್ತಿತ್ತು. ಊಟಕ್ಕೆ ಮುಂಚೆ ಜಗಳವೂ ಸಿಕ್ಕಿತೆಂದು ಎಲ್ಲರೂ ಸನಿಕೆ ಕೆಳಗಿಟ್ಟು ಸುತ್ತ ನಿಂತರು.

ಈ ಜಾಗವೆಂದರೆ ಶಾರ್ಶೆನನಿಗೆ ಪ್ರಾಣ. ಬಯಲಿನ ನಿವೇಶನಗಳಿಗೆ ಚೀಟಿ ಎತ್ತಿದಾಗ ಅವನಿಗೆ ಬಂದದ್ದು ಪಶ್ಚಿಮದ ತುದಿ, ಜೌಗಿನ ಬದಿ, ಸೊಳ್ಳೆಗಳ ತವರು. ಪೂರ್ವದ ತುದಿ, ಹಳ್ಳದ ಕಡೆಯದು, ತೊಲೊಮುಶ್ ಎಂಬ ಸಾಧು ಸ್ವಭಾವದವನ ಪಾಲಾಗಿತ್ತು. "ನನ್ನದು ಶಾಲೆಗೆ ಹತ್ರ, ನಿನ್ನ ಮಕ್ಕಳಿಗೆ ಒಳ್ಳೇದು" ಎಂದು ಶಾರ್ಶೆನ್ ಅವನನ್ನು ಪುಸಲಾಯಿಸಿ ಅದಲುಬದಲು ಮಾಡಿಕೊಂಡಿದ್ದ. ಎಲ್ಲರಿಗೂ ಗೂಟ ಹೊಡೆದವನು ಅವನೇ. ಉಳಿದವರ ಮನೆಗಳು ಆಗಲೇ ಎದ್ದು ನಿಂತಿದ್ದವು. ತೊಲೊಮುಶನ ಮನೆಗೂ ಜೌಗಿಗೂ ಅಂತರ ಕಂಡಾಗ, ಜೌಗು ಬತ್ತುತ್ತಿದೆಯೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದ.

ಈಗ ಕುರಿಗಳ ನಡುವೆ ನಿಂತೇ ಅಳತೆಯ ಯಂತ್ರ ತೆಗೆದು ನೋಡಿದ. ನೋಡುತ್ತಾ ಬೆವತುಹೋದ.

"ಏನಾಯ್ತೋ, ಬಾಯಿ ಬಿಡು," ಎಂದರು ಊರ ಹಿರಿಯ ಅಸಾಂಕುಲ್ ಅಜ್ಜ.

"ಅಜ್ಜಾ, ಭೂಮಿ ಗುಂಡು, ಕಾಗದ ಚಪ್ಪಟೆ. ಗುಂಡನ್ನ ಕಾಗದಕ್ಕಿಳಿಸೋಕೆ ಸೋವಿಯತ್ತಿನೋರದು ಒಂದು ಲೆಕ್ಕ, ಉಪಗ್ರಹದ್ದು ಇನ್ನೊಂದು. ಹಳೇ ನಕ್ಷೆ ಅಂಕಿ ಬದಲಾಯಿಸದೇನೇ ಹೊಸ ಯಂತ್ರಕ್ಕೆ ಕೊಟ್ಬಿಟ್ಟೆ. ಎಲ್ಲರ ಮನೇನೂ ಒಂದೊಂದು ನಿವೇಶನ ಪೂರ್ವಕ್ಕೆ ಜರುಗಿದೆ."

"ಆ ಸರ್ಕಾರ ಹೋಗಿ ಎಷ್ಟು ಕಾಲ ಆಯ್ತು, ಇನ್ನೂ ನಮ್ಮನ್ನ ತಳ್ತಾನೇ ಇದೆಯಲ್ಲೋ!"

ಎಲ್ಲರೂ ನಕ್ಕರು, ಶಾರ್ಶೆನ್ ನಗಲಿಲ್ಲ. ಬಯಲಿನ ಮೇಲೆ ಯಾರ ಗೆರೆಯೂ ಇರುವುದಿಲ್ಲ. ಗೆರೆಗಳೆಲ್ಲ ಮನುಷ್ಯನ ತಲೆಯಲ್ಲಿ. ಅಲ್ಲಿ ತಪ್ಪಿದರೆ ಗೋಡೆಯೂ ತಪ್ಪುತ್ತದೆ.

"ಕಟ್ಟಿದ್ದನ್ನ ಕೆಡವೋದ್ಯಾಕೆ?" ಎಂದರು ಅಜ್ಜ. "ಮನೆ ಎಲ್ಲಿದ್ಯೋ ಆ ಜಾಗವೇ ಅವರದ್ದು ಅಂತ ಬರೆಸ್ಕೊಳ್ಳಿ. ಕುರಿದಾರಿ ಮಾತ್ರ ಬಿಡೋ ಹಾಗಿಲ್ಲ."

"ಹಾಗಾದ್ರೆ ನಂಗೆ?" ಎನ್ನುವಷ್ಟರಲ್ಲೇ ಶಾರ್ಶೆನನಿಗೆ ಹೊಳೆಯಿತು. ಹಳ್ಳದ ಕಡೆಯ ಅವನ ಜಾಗದಲ್ಲಿ ಪಕ್ಕದವನ ಮನೆ ಎದ್ದಿತ್ತು. ಸಾಲಿನಲ್ಲಿ ಖಾಲಿ ಉಳಿದದ್ದು ಒಂದೇ, ಜೌಗಿನ ಬದಿಯದು.

ತೊಲೊಮುಶ್ ಬಂದು ಅವನ ಎರಡೂ ಕೈ ಹಿಡಿದುಕೊಂಡ. ಕಣ್ಣು ತುಂಬಿತ್ತು. "ಅಣ್ಣಾ, ನನ್ನ ಮನೆ ಒಣನೆಲದಲ್ಲಿ ಎದ್ದಾಗ್ಲೇ ಗೊತ್ತಾಯ್ತು, ನನಗೋಸ್ಕರ ಬೇಕಂತ್ಲೇ ಗೂಟ ಜರುಗ್ಸಿದೀಯ ಅಂತ. ಅಂಕಿ ತಪ್ಪೋದಾ? ನಿನಗಾ?"

ಸಾಕಿನಳ ಕೋಲು ಇಳಿಯಿತು. ಅಜ್ಜ ಅಂಗೈ ಎತ್ತಿ ಹರಸಿದರು. ನಿಜ ಹೇಳಲು ಶಾರ್ಶೆನ್ ಬಾಯಿ ತೆರೆದ. ಅಂಕಿಯ ನಿಜವನ್ನು ಹೇಳಿಯಾಗಿತ್ತು, ಯಾರೂ ನಂಬಲಿಲ್ಲ. ಉಳಿದ ನಿಜಕ್ಕೆ, ತೊಲೊಮುಶನನ್ನು ಪುಸಲಾಯಿಸಿದ್ದಕ್ಕೆ, ನಾಲಿಗೆ ಏಳಲಿಲ್ಲ. ನಾಚಿಕೆಯಿಂದ ಕುಗ್ಗಿಹೋದ.

"ನಡೀರಪ್ಪಾ, ಈ ಪುಣ್ಯಾತ್ಮನ ಮನೇನ ಇವತ್ತೇ ಅಲ್ಲಿ ಎಬ್ಬಿಸೋಣ!" ಎಂದು ಅಜ್ಜ ಕೂಗಿದರು.

ಊರೆಲ್ಲ ಸನಿಕೆ ಹೊತ್ತು ಜೌಗಿನ ಕಡೆ ಹೊರಟಿತು. ಎಲ್ಲರಿಗಿಂತ ಮುಂದೆ ತೊಲೊಮುಶ್, ಶಾರ್ಶೆನನ ಬಾಗಿಲನ್ನು ಬೆನ್ನ ಮೇಲೆ ಹೊತ್ತುಕೊಂಡು.