ಒತ್ತಿನೆಣೆಯಲ್ಲಿ ಎಂಟು ಇಪ್ಪತ್ತರ ಮುಹೂರ್ತ

"ಬಪ್ಪು ಆಯ್ತಾರ ಒತ್ತಿನೆಣೆ ಗುಡ್ಡಿ ಮೇಲಿಂದ ಹಾರ್ಸ್ತೆ! ಅರ್ಧ ಗಂಟಿ ಆಕಾಶ ಸುತ್ತಿ, ಸೀದಾ ಬಂದ್ ನನ್ ಕಾಲ್ ಬುಡಕ್ಕೇ ಇಳೀಕ್. ಇಳೀದೇ ಇದ್ರೆ ನನ್ ಹೆಸ್ರ್ ಉಮಾನಾಥ ಶೆಟ್ಟಿ ಅಲ್ಲ!"

ಕುಂದಾಪುರದ ಹೋಟೆಲ್ ಮಾಲೀಕ ಉಮಾನಾಥ ಶೆಟ್ಟರು ಹೀಗೆ ಘರ್ಜಿಸಿದ್ದು ತಮ್ಮ ಮನೆಯ ಹಾಲ್‌ನಲ್ಲಿ, ನಿಂತುಕೊಂಡು. ಕೂತು ಘರ್ಜಿಸೋಣವೆಂದರೆ ಸೋಫಾ, ಕುರ್ಚಿಗಳೆಲ್ಲ ಎಂಟು ತಿಂಗಳ ಹಿಂದೆಯೇ ಜಗಲಿಗೆ ಗಡೀಪಾರಾಗಿದ್ದವು. ಅವುಗಳ ಜಾಗದಲ್ಲಿ ಗೋಡೆಯಿಂದ ಗೋಡೆಗೆ ಮೈಚಾಚಿ ಮಲಗಿದ್ದದ್ದು ಶೆಟ್ಟರ ಗ್ಲೈಡರು. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಐದೂವರೆ ಮೀಟರು! ಮೋಟಾರಿಲ್ಲ, ಪೆಟ್ರೋಲಿಲ್ಲ. ಗಾಳಿ ಎತ್ತಿದರೆ ಏರುತ್ತದೆ, ಕೆಳಗೆ ನಿಂತವರು ರಿಮೋಟ್ ತಿರುಗಿಸಿದರೆ ತಿರುಗುತ್ತದೆ. ಅದಕ್ಕೆ ಶೆಟ್ಟರು ಇಟ್ಟ ಹೆಸರು 'ಜಟಾಯು'.

"ಜಟಾಯುಗ್ ಕಡೀಗ್ ಎಂತ ಆಯ್ತ್ ಅಂದೇಳಿ ಗೊತ್ತಿತ್ತಲ್ದಾ?" ಎಂದು ಹೆಂಡತಿ ಸುಂದರಿ ಅಂದೇ ಕೇಳಿದ್ದರು. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದ ಹೆಂಗಸಿಗೆ ರೆಕ್ಕೆ ಕತ್ತರಿಸುವ ಪ್ರಸಂಗ ಹೇಳಿಕೊಡಬೇಕೇ! ಶೆಟ್ಟರು ಕಿವಿಗೆ ಹಾಕಿಕೊಳ್ಳಲಿಲ್ಲ.

ಸುಂದರಿಯವರ ದೂರು ಹೆಸರಿನದ್ದಲ್ಲ, ಹಾಲ್‌ನದ್ದು. ನೆಂಟರು ಬಂದರೆ ಜಗಲಿಯಲ್ಲೇ ಕೂರಿಸಿ ಜಗಲಿಯಿಂದಲೇ ಕಳಿಸಬೇಕು. ಟಿವಿ ನೋಡಬೇಕಾದರೆ ರೆಕ್ಕೆಯ ಅಡಿಯಲ್ಲಿ ನುಸುಳಬೇಕು. ರೆಕ್ಕೆಗೆ ನೀಲಿ ಹಾಳೆ ಅಂಟಿಸಲು ಶೆಟ್ಟರು ಮನೆಯ ಇಸ್ತ್ರಿಪೆಟ್ಟಿಗೆಯಿಂದಲೇ ತಿಕ್ಕಿ ತಿಕ್ಕಿ, ಅದರ ತಳಕ್ಕೆ ನೀಲಿ ಹಿಡಿದು, ಮಗಳು ಸುಪ್ರೀತಾ ಬ್ರಹ್ಮಾವರದ ಬ್ಯಾಂಕಿಗೆ ನೀಲಿ ಪಟ್ಟಿ ಬಿದ್ದ ಬಿಳಿ ಕುರ್ತಾ ಹಾಕಿಕೊಂಡು ಹೋದದ್ದೂ ಆಯಿತು. "ಹ್ವಾಯ್, ಇದ್ ಮನಿಯಾ, ವಿಮಾನ ನಿಲ್ದಾಣವಾ?" ಎಂದು ಸುಂದರಿ ದಿನಕ್ಕೆರಡು ಸಲ ಕೇಳುತ್ತಿದ್ದರು.

ಕೊನೆಗೆ ಆ ಗುರುವಾರ, ಮಗಳ ಸಾಕ್ಷಿಯಲ್ಲಿ ಒಪ್ಪಂದವಾಯಿತು. ಜಟಾಯು ಹಾರಿ, ತಿರುಗಿ ಶೆಟ್ಟರ ಹತ್ತಿರವೇ ಬಂದಿಳಿದರೆ ಹಾಲ್ ಶಾಶ್ವತವಾಗಿ ಶೆಟ್ಟರದ್ದು. ಮುಂದಿನ ಗ್ಲೈಡರು ಏಳು ಮೀಟರಿನದ್ದು! ಬಾರದಿದ್ದರೆ ಮರದ ಒಂದು ಚೂರೂ, ಅಂಟಿನ ಒಂದು ಡಬ್ಬಿಯೂ ಮನೆಯಲ್ಲಿರಕೂಡದು. ಹವ್ಯಾಸಕ್ಕೆ ಅಲ್ಲಿಗೇ ಮಂಗಳ.

ಶೆಟ್ಟರಿಗೆ ಇದು ಆಟವಾಗಿರಲಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ಮೂವತ್ತು ವರ್ಷ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮನುಷ್ಯ. ದೋಸೆ ಹೊಯ್ದವರು ಬೇರೆ, ಚಾ ಮಾಡಿದವರು ಬೇರೆ. ತಮ್ಮ ಎರಡು ಕೈಯಾರೆ ಅವರು ಮಾಡಿದ ವಸ್ತು ಎಂದರೆ ಪ್ರಪಂಚದಲ್ಲಿ ಇದೊಂದೇ. ಅದನ್ನು ಕಳೆದುಕೊಳ್ಳುವ ಯೋಚನೆ ಬಂದಾಗಲೆಲ್ಲ ಎದ್ದು ಹೋಗಿ ರೆಕ್ಕೆಯ ಧೂಳು ಒರೆಸುತ್ತಿದ್ದರು.

ಆದರೆ ಹೆದರಿಕೆ ಎಲ್ಲಿಯದು? ಎಲ್ಲವೂ ವಿಜ್ಞಾನ! ಸಂಜೆ ಪಡುವಣ ಕಡಲಿನಿಂದ ಬೀಸುವ ಗಾಳಿ ಒತ್ತಿನೆಣೆ ಗುಡ್ಡಕ್ಕೆ ಬಡಿದು ಮೇಲೇರುತ್ತದೆ. ಆ ಏರುಗಾಳಿಗೆ ಗ್ಲೈಡರನ್ನು ಒಪ್ಪಿಸಿದರೆ ಮುಗಿಯಿತು, ಇಳಿಸಲು ಮನಸ್ಸಾಗುವವರೆಗೂ ಇಳಿಯುವುದಿಲ್ಲ. ಚಿಕ್ಕ ಗ್ಲೈಡರಿನಲ್ಲಿ ಹತ್ತು ಸಲ ಹಾರಿಸಿ ನೋಡಿದ್ದರು, ಹತ್ತೂ ಸಲ ಸಂಜೆಯೇ. "ನಂಗೆ ಗ್ರಹ ದೆಸಿ ಎಲ್ಲ ಬ್ಯಾಡ, ಗಾಳಿ ಲೆಕ್ಕ ಗೊತ್ತಿದ್ರೆ ಸಾಕ್" ಎಂದು ಹೋಟೆಲಿಗೆ ಬಂದ ಗಿರಾಕಿಗಳ ತಟ್ಟೆಯಲ್ಲಿ ಇಡ್ಲಿ ತಣಿಯುವವರೆಗೂ ಉಪನ್ಯಾಸ ಕೊಟ್ಟಿದ್ದರು.

ಇಂಥ ವಿಜ್ಞಾನಿ ಮರುದಿನ ಶುಕ್ರವಾರ ಬೆಳಿಗ್ಗೆ, "ಬ್ರಹ್ಮಾವರದಗೆ ತರ್ಕಾರಿಯವ್ನ ಕಾಂಬುಕಿತ್ತ್" ಎಂದು ಮನೆಯಲ್ಲಿ ಹೇಳಿ, ದಾರಿಯಲ್ಲಿ ಸಾಲಿಗ್ರಾಮದಲ್ಲೇ ಕಾರು ನಿಲ್ಲಿಸಿದರು. ಕಾರು ನಿಂತದ್ದು ಕಮಲಾಕ್ಷ ಐತಾಳರ ಮನೆಯೆದುರು. ಶೆಟ್ಟರ ಹೋಟೆಲಿನ ಮೊದಲ ಒಲೆ ಹೊತ್ತಿಸಿದಲ್ಲಿಂದ ಮೊನ್ನೆ ಗ್ರೈಂಡರ್ ಬದಲಿಸುವವರೆಗೆ ಮುಹೂರ್ತವೆಲ್ಲ ಇದೇ ಐತಾಳರದ್ದು. ಮುಹೂರ್ತದಲ್ಲಿ ಶೆಟ್ಟರಿಗೆ ನಂಬಿಕೆ ಇಲ್ಲವೇ ಇಲ್ಲ. ಆದರೆ ಕೇಳದೆ ಇರುವಷ್ಟು ಧೈರ್ಯವೂ ಇಲ್ಲ, ಅಷ್ಟೇ!

"ಆಯ್ತಾರ ಸಂಜಿ ನಾಲ್ಕೂವರಿಗ್ ಕಾಣಿ ಐತಾಳ್ರೆ. ಆಗ್ಳೇ ಗಾಳಿ ಲಾಯ್ಕ್ ಬೀಸುದ್."

"ನಾಲ್ಕೂವರಿಂದ ಆರರ ತನ್ಕ ರಾಹುಕಾಲ ಅಲ್ದಾ ಶೆಟ್ರೆ?"

"ಹಂಗಾರೆ ಮೂರೂವರಿ?"

"ಗುಳಿಕಕಾಲ."

"ಹನ್ನೆರ್ಡೂವರಿ?"

"ಯಮಗಂಡಕಾಲ!"

ಶೆಟ್ಟರು ಬೆವರೊರೆಸಿಕೊಂಡರು. "ಎರ್ಡ್ ಗಂಟಿಗ್ ಯಾರ್ದ್ ಕಾಲ ಐತಾಳ್ರೆ?"

ಐತಾಳರು ಪಂಚಾಂಗವನ್ನು ಪಟ್ಟನೆ ಮುಚ್ಚಿದರು. "ಎರ್ಡಕ್ಕ್ ಲಗ್ನ ಸಮ ಇಲ್ಲೆ. ಬೆಳಿಗ್ಗೆ ಎಂಟ್ ಇಪ್ಪತ್ತ್. ಕಣ್ ಮುಚ್ಚಿ ಹಾರ್ಸಿ."

"ಬೆಳಿಗ್ಗೆ ಗಾಳಿ ತಿರ್ಗಾಮುರ್ಗಾ ಇರತ್ತಲೆ..." ಎಂದು ವಿಜ್ಞಾನ ಸಣ್ಣ ಸ್ವರದಲ್ಲಿ ಗೊಣಗಿತು. ಐತಾಳರು ಕನ್ನಡಕದ ಮೇಲಿಂದ ಒಮ್ಮೆ ನೋಡಿದರು, ವಿಜ್ಞಾನ ಬಾಯಿ ಮುಚ್ಚಿಕೊಂಡು ಕಾರು ಹತ್ತಿತು.

ಮನೆಯಲ್ಲಿ ಶೆಟ್ಟರು ಗಂಭೀರವಾಗಿ ಸಾರಿದರು: "ಬೆಳಿಗ್ಗೆ ಎಂಟ್ ಇಪ್ಪತ್ತಕ್ಕೇ ಹಾರ್ಸುದ್. ಬೆಳಿಗ್ಗಿ ಗಾಳಿ ಶುದ್ಧ."

ಸುಂದರಿಯವರ ತವರು ಉಪ್ಪುಂದ, ಕಡಲದಂಡೆಗೆ ಎರಡೇ ತೆಂಗಿನ ತೋಟ ದೂರ. ಅವರು ಸೌತೆಕಾಯಿ ಹೆಚ್ಚುತ್ತಿದ್ದವರು ತಲೆಯೆತ್ತಲಿಲ್ಲ. "ಬೆಳಿಗ್ಗೆಯಾ? ಒಳ್ಳೇದಾಯ್ತ್. ಬಿಸ್ಲ್ ಇಪ್ಪುದಿಲ್ಲೆ" ಎಂದರು.

ಭಾನುವಾರ ಒತ್ತಿನೆಣೆಯ ಮೇಲೆ ಸಂಭ್ರಮವೋ ಸಂಭ್ರಮ! ಶೆಟ್ಟರ ಹೋಟೆಲಿನಿಂದಲೇ ಇಡ್ಲಿ-ವಡೆ ಬಂದಿತ್ತು. ಇಡ್ಲಿ ಬಂದಿದೆಯೆಂದು ಬೈಂದೂರಿನಿಂದ ಮೂವತ್ತು ಮಂದಿ ಬಂದಿದ್ದರು. ಜಟಾಯುವಿನ ಮೂಗಿಗೆ ಕುಂಕುಮ, ಕುತ್ತಿಗೆಗೆ ಒಂದೆಳೆ ಮಲ್ಲಿಗೆ. ಎಸೆಯುವ ಕೆಲಸ ದೋಸೆ ಮಾಸ್ಟರ್ ಗೋಪಿಯದ್ದು. ಇಪ್ಪತ್ತು ವರ್ಷ ಹಿಟ್ಟು ರುಬ್ಬಿದ ಅವನ ತೋಳಿಗೆ ಒಂಬತ್ತು ಕಿಲೋ ಯಾವ ಲೆಕ್ಕ! ಸುಪ್ರೀತಾ ಮೊಬೈಲಿನಲ್ಲಿ ವಿಡಿಯೋ ಮಾಡಲು ನಿಂತಳು. ಸುಂದರಿಯವರು ಕೊಡೆ ಬಿಡಿಸಿ ಕಲ್ಲಿನ ಮೇಲೆ ಕೂತರು.

ಜನವರಿಯ ಬೆಳಗು. ಗಾಳಿ ಬೀಸುತ್ತಿತ್ತು, ಇಲ್ಲವೆಂದಲ್ಲ. ಆದರೆ ಶೆಟ್ಟರ ಮುಖಕ್ಕಲ್ಲ, ಬೆನ್ನಿಗೆ! ಘಟ್ಟದ ಕಡೆಯಿಂದ ತಣ್ಣಗೆ ಇಳಿದು ಅವರ ಅಂಗಿಯನ್ನು ಕಡಲಿನ ಕಡೆಗೆ ಹಾರಿಸುತ್ತಿತ್ತು. ಇದರಲ್ಲಿ ಹಾರಿಸಬಾರದು ಎಂದು ಅವರು ಓದಿದ ಪುಸ್ತಕಗಳೆಲ್ಲ ಕಿವಿಯಲ್ಲಿ ಕಿರುಚುತ್ತಿದ್ದವು. ಗಡಿಯಾರ ಎಂಟು ಹತ್ತೊಂಬತ್ತು.

"ಧಣಿಗಳೇ, ಗಾಳಿ ಹಿಂದಿಂದ ಬತ್ತ್ ಇತ್ತಲ್ಲೆ? ಚೂರ್ ಕಾಂಬುವಾ?" ಎಂದ ಗೋಪಿ.

"ಮುಹೂರ್ತ ಮೀರತ್ತಾ! ಬಿಸಾಡ್!"

ಗೋಪಿ ನಾಲ್ಕು ಹೆಜ್ಜೆ ಓಡಿ ಬಿಸಾಡಿಯೇಬಿಟ್ಟ. ಜಟಾಯು ಒಮ್ಮೆ ಮೂಗು ತಗ್ಗಿಸಿ, ವೇಗ ಹಿಡಿದು, ಎದ್ದಿತು. ಅಬ್ಬಾ! ನೀಲಿ ರೆಕ್ಕೆಗೆ ಬಿಸಿಲು ಬಿದ್ದು ಮೂವತ್ತು ಜನರ ಬಾಯಿಯಲ್ಲಿದ್ದ ಇಡ್ಲಿ ಅಲ್ಲೇ ನಿಂತಿತು. ಶೆಟ್ಟರ ಕಣ್ಣಲ್ಲಿ ಬಳಬಳನೆ ನೀರು. ನಾನು ಮಾಡಿದ್ದು ಹಾರುತ್ತಿದೆ! ಎಂಟು ತಿಂಗಳ ಬೈಗುಳವೆಲ್ಲ ಆ ಗಳಿಗೆಯಲ್ಲಿ ಮನ್ನಾ ಆಯಿತು.

ಕಣ್ಣೊರೆಸಿಕೊಂಡು ನೋಡಿದರೆ ಜಟಾಯು ಕಡಲಿನ ಮೇಲಿತ್ತು. ಶೆಟ್ಟರು ತಿರುಗಿಸಿದರು. ಅದು ವಿಧೇಯವಾಗಿ ತಿರುಗಿತು. ಗಾಳಿ ಈಗ ಅದರ ಮೂಗಿಗೇ ಹೊಡೆಯುತ್ತಿತ್ತು, ಮೇಲೆತ್ತುವ ಬದಲು ಕೆಳಕ್ಕೆ ಒತ್ತುತ್ತಿತ್ತು. ಬರಲು ಹೆಣಗಿತು, ಇಳಿಯಿತು; ಹೆಣಗಿತು, ಇಳಿಯಿತು.

"ಬಾ ಮಗಾ, ಬಾ..." ಎಂದು ಶೆಟ್ಟರು ರಿಮೋಟನ್ನು ಎದೆಗೊತ್ತಿಕೊಂಡು ಬೇಡಿಕೊಂಡರು. ದಡ ಇನ್ನೂ ಕಾಲು ಮೈಲಿ ಇರುವಾಗ ಜಟಾಯು ಅಲೆಯ ಮೇಲೆ ಸದ್ದಿಲ್ಲದೆ ಕೂತಿತು. ಆಮೇಲೆ ತೂಕ ಸರಿದೂಗಿಸಲು ಮೂಗಿನಲ್ಲಿಟ್ಟಿದ್ದ ಸೀಸ ತನ್ನ ಕೆಲಸ ಮಾಡಿತು.

ಎಲ್ಲರೂ ದಡಕ್ಕೆ ಓಡಿದರು. ಮೀನುಗಾರ ಕುಷ್ಟ ದೋಣಿ ತೆಗೆದುಕೊಂಡು ಹೋಗಿ ತಂದದ್ದು ಒಂದು ರೆಕ್ಕೆ ಮಾತ್ರ. ಉಳಿದದ್ದು ತಳ ಸೇರಿತ್ತು.

"ಶೆಟ್ರೆ, ಎಂತ ಅಂದೇಳಿ ಬೆಳಿಗ್ಗೆ ಹಾರ್ಸುಕ್ ಹೋದ್ರಿ?" ಕುಷ್ಟನಿಗೆ ನಿಜಕ್ಕೂ ಆಶ್ಚರ್ಯ. "ಬೆಳಿಗ್ಗಿ ಗಾಳಿ ಕಡ್ಲಿಗ್ ಹೋಪುದ್, ಮಧ್ಯಾಹ್ನದ ಮೇಲಿನದ್ದ್ ದಡಕ್ಕ್ ಬಪ್ಪುದ್. ನಮ್ ಅಜ್ಜ ಹಾಯಿ ಕಟ್ಟಿ ಹೋದ್ದೂ ಬಂದದ್ದೂ ಹಂಗೇ. ಇಲ್ಲಿನ್ ಸಣ್ ಮಕ್ಳಿಗೂ ಗೊತ್ತಿತ್ತ್!" ಎಂದವನು ರೆಕ್ಕೆಯನ್ನು ತಟ್ಟಿ ನೋಡಿದ. "ಇದ್ ನಂಗಿರ್ಲಿ ಅಕಾ? ಮೀನ್ ಬಲೆ ಇಡು ಶೆಡ್ಡಿನ್ ಮಾಡಿಗ್ ಹೊದ್ಸುಕಾತ್ತ್."

ಶೆಟ್ಟರು ತಲೆಯಾಡಿಸಿದರು. ಬೇರೇನು ಮಾಡಿಯಾರು!

ಸಂಜೆಯೊಳಗೆ ಸೋಫಾ ಹಾಲ್‌ಗೆ ಬಂತು, ಅಂಟಿನ ಡಬ್ಬಿಗಳು ಹೊರಗೆ ಹೋದವು. ಸುಂದರಿ ಗಂಡನಿಗೆ ಇಷ್ಟದ ಕೋಳಿಸಾರು ಮಾಡಿ ಬಡಿಸಿದರು. ಇಷ್ಟೊಂದು ಕರುಣೆ ಯಾಕೆಂದು ಶೆಟ್ಟರಿಗೆ ಹೊಳೆಯಲಿಲ್ಲ. ಅವರ ಸಿಟ್ಟೆಲ್ಲ ಸಾಲಿಗ್ರಾಮದ ಮೇಲಿತ್ತು.

ಸೋಮವಾರ ಬೆಳಿಗ್ಗೆ ಐತಾಳರ ಜಗಲಿಯಲ್ಲಿ ಗುಡುಗಿದರು: "ಎಂತ ಮುಹೂರ್ತ ಕೊಟ್ರಿ ಮಾರಾಯ್ರೆ? ಎಂಟ್ ತಿಂಗ್ಳ್ ಕಷ್ಟಪಟ್ಟದ್ದ್ ನೀರಿಗ್ ಹೋಯ್ತ್! ಎರ್ಡ್ ಗಂಟಿಗ್ ಹಾರ್ಸಿರೆ ಬತ್ತಿತ್ತ್!"

"ಎರ್ಡ್ ಗಂಟಿ ಲಗ್ನವೂ ಲಾಯ್ಕೇ ಇದ್ದಿತ್ತ್" ಎಂದರು ಐತಾಳರು ಶಾಂತವಾಗಿ. "ಆರೆ ನಿಮ್ಮನಿ ಅಮ್ಮ ಹಿಂದಿನ್ ದಿನ ಗುರ್ವಾರವೇ ಬಂದ್ ಹೇಳಿ ಹೋಯಿದ್ರಲೆ? 'ನಾಳೆ ನಮ್ಮನಿಯವ್ರ್ ಬತ್ರ್. ತರ್ಕಾರಿಯವ್ನ ಕಾಂಬುಕ್ ಅಂದೇಳಿ ಹೊರ್ಟ್ ಇಲ್ಲಿಗೇ ಬತ್ರ್. ಬೆಳಿಗ್ಗೆ ಒಂಬತ್ತರ ಒಳ್ಗಿನ ಮುಹೂರ್ತವೇ ಕೊಡಿ' ಅಂದ್ರ್."

ಶೆಟ್ಟರು ಜಗಲಿಯ ಮೇಲೆ ದೊಪ್ಪನೆ ಕೂತರು. "ಹಾರ್ಸುಕ್ ಮುಹೂರ್ತ ಅವ್ಳ್ ಕೇಂಡದ್ದಾ?"

"ಹಾರ್ಸುದರ್ ಸುದ್ದಿ ಅವ್ರ್ ಎತ್ತಲೇ ಇಲ್ಲೆ. ದೊಡ್ಡ್ ಸಾಮಾನೊಂದ್ ಮನಿಂದ ಹೊರ್ಗ್ ಹೋಯ್ಕ್, ತಿರ್ಗಿ ಬಪ್ಪುಕಾಗ್ದ್, ಅದ್ಕ್ ಒಂದ್ ಒಳ್ಳೆ ಗಳಿಗಿ ಕಾಣಿ ಅಂದ್ರ್." ಐತಾಳರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. "ಹೋಯ್ತಲ್ದಾ ಶೆಟ್ರೆ? ತಿರ್ಗಿ ಬಂತಾ? ಮತ್ತೆ ನನ್ ಮುಹೂರ್ತದಗೆ ಎಂತ ತಪ್ಪ್ ಕಂಡ್ರಿ?"